ಹೊಸ ಫ್ಲಾಟ್, ಕೈಯಲ್ಲಿ ಮೂರು ಲಕ್ಷ: ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು?

ಬೆಂಗಳೂರಿನಲ್ಲಿ 1,100 ಚದರಡಿಯ, ಎರಡು ಮಲಗುವ ಕೋಣೆಗಳ ಹೊಸ ಫ್ಲಾಟ್. ಇಂಟೀರಿಯರ್‌ನವರು ಕೊಟ್ಟ ಅಂದಾಜುಪಟ್ಟಿ 11 ಲಕ್ಷ. ನಿಮ್ಮ ಬಳಿ ಇರುವುದು 3 ಲಕ್ಷ. ಅತ್ತೆಯವರಿಗೆ ಷೋಕೇಸ್ ಬೇಕು, ನಿಮಗೆ ಮೊಬೈಲಿನಲ್ಲಿ ನೋಡಿದಂಥ ಮನೆ ಬೇಕು. ಇಷ್ಟು ಹಣದಲ್ಲಿ ಮನೆಯನ್ನು ಚೆಂದ ಮಾಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು. ಅದಕ್ಕೆ ಮೊದಲು ಆ ಪಟ್ಟಿಯಲ್ಲಿರುವ ಎರಡು ಬಾಬತ್ತುಗಳನ್ನು, ಅಂದರೆ ಮನೆಪೂರ್ತಿ ಫಾಲ್ಸ್ ಸೀಲಿಂಗ್ ಮತ್ತು ಟಿವಿ ಗೋಡೆಯ ಪ್ಯಾನೆಲ್ಲು, ಹೊಡೆದುಹಾಕಬೇಕು. ನಾನು ಇಂಥ ಮನೆಗಳ ಒಳಾಂಗಣದ ನಕ್ಷೆ ಬರೆದುಕೊಡುವ ಕೆಲಸದಲ್ಲಿರುವವನು. ಹೀಗೆಂದದ್ದು ನನ್ನ ವೃತ್ತಿಯ ಕೆಲವರಿಗೆ ಹಿಡಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳವಾದದ್ದು. ಗೋಡೆಗೋ ಚಾವಣಿಗೋ ಮೊಳೆ ಹೊಡೆದು ಕಚ್ಚಿಸಿದ್ದೆಲ್ಲ ಬೇಗ ಹಳತಾಗುತ್ತದೆ, ಬದಲಿಸಬೇಕೆಂದರೆ ಒಡೆಯಬೇಕು. ಎತ್ತಿ ಬೇರೆಡೆ ಇಡಬಹುದಾದ ವಸ್ತು ನಿಮ್ಮ ಜೊತೆಗೇ ಬದಲಾಗುತ್ತದೆ, ಮನೆ ಬಿಟ್ಟರೂ ಬರುತ್ತದೆ. ಆದ್ದರಿಂದ ಕಚ್ಚಿಸುವ ಕೆಲಸ ಅಡುಗೆಮನೆಗೂ ಬಟ್ಟೆಯ ಕಪಾಟಿಗೂ ಸೀಮಿತವಾಗಿರಲಿ. ಅವೆರಡಕ್ಕೆ ಹಣ ಹೋಗುತ್ತದೆ, ಹೋಗಲಿ. ಉಳಿದದ್ದನ್ನು ಬೆಳಕು, ಬಟ್ಟೆ, ನೆಲ ಈ ಮೂರಕ್ಕೆ ಹಾಕಿ.

ಫಾಲ್ಸ್ ಸೀಲಿಂಗ್ ಬೇಡವೆನ್ನುವುದಕ್ಕೆ ಖರ್ಚೊಂದೇ ಕಾರಣವಲ್ಲ. ನಮ್ಮ ಫ್ಲಾಟುಗಳ ಚಾವಣಿ ಸಾಮಾನ್ಯವಾಗಿ ಒಂಬತ್ತೂವರೆ ಅಡಿ ಎತ್ತರದಲ್ಲಿರುತ್ತದೆ. ಜಿಪ್ಸಮ್ ಹಲಗೆ ಬಂದ ಮೇಲೆ ಅದರಲ್ಲಿ ಆರರಿಂದ ಎಂಟು ಅಂಗುಲ ಹೋಗುತ್ತದೆ. ಫ್ಯಾನಿನ ರೆಕ್ಕೆ ಚಾವಣಿಗೆ ತೀರಾ ಹತ್ತಿರವಾದರೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಜಾಗ ಸಾಲದು. ಒಂದಡಿಯಷ್ಟು ಅಂತರ ಬೇಕು. ಹಾಗಾಗಿ ಫ್ಯಾನನ್ನೂ ಕೆಳಗಿಳಿಸುತ್ತಾರೆ, ಕೋಣೆ ಇನ್ನಷ್ಟು ಗಿಡ್ಡವಾಗಿ ಕಾಣುತ್ತದೆ. ಇದಕ್ಕಿಂತ ಕಿರಿಕಿರಿಯದು ಇನ್ನೊಂದಿದೆ. ಸೀಲಿಂಗಿನೊಳಗೆ ಹುದುಗಿಸಿದ ದೀಪ ಫ್ಯಾನಿನ ರೆಕ್ಕೆ ಸುತ್ತುವ ವೃತ್ತದ ಮೇಲೆ ಬಂದರೆ ಇಡೀ ಸಂಜೆ ಬೆಳಕು ಕಡಿದು ಕಡಿದು ಬೀಳುತ್ತದೆ. ನಕ್ಷೆಯಲ್ಲಿ ನಾಲ್ಕು ದೀಪಗಳು ಸಮಾನ ಅಂತರದಲ್ಲಿ ಚೆಂದ ಕಾಣುತ್ತವೆ. ಆ ನಕ್ಷೆಯಲ್ಲಿ ಫ್ಯಾನನ್ನೇ ಬರೆದಿರುವುದಿಲ್ಲ!

ಈಗ ಬೆಳಕಿಗೆ ಬರೋಣ. ಮೊಬೈಲಿನಲ್ಲಿ ನೋಡಿ ನೀವು ಮೆಚ್ಚಿಕೊಂಡ ಚಿತ್ರಗಳನ್ನು ಇನ್ನೊಮ್ಮೆ ತೆಗೆದು ನೋಡಿ. ಸೋಫಾ, ಗೋಡೆಯ ಬಣ್ಣ, ಕುಂಡ ಇವನ್ನೆಲ್ಲ ಮರೆತು ದೀಪ ಎಲ್ಲಿದೆ ಎಂದಷ್ಟೇ ಹುಡುಕಿ. ಬಹುಪಾಲು ಚಿತ್ರಗಳಲ್ಲಿ ಬೆಳಕು ಕೂತವರ ಭುಜದ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ, ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ, ಬಣ್ಣದಲ್ಲಿ ಹಳದಿಗೆ ವಾಲಿರುತ್ತದೆ. ನಮ್ಮ ಮನೆಗಳಲ್ಲೋ, ಗೋಡೆಯ ನೆತ್ತಿಯಲ್ಲಿ ಒಂದು ಬಿಳಿ ಟ್ಯೂಬ್‌ಲೈಟು. ಅದು ಕೋಣೆಯ ಮೂಲೆಮೂಲೆಯನ್ನೂ ಒಂದೇ ಸಮನೆ ಬೆಳಗಿ ಯಾವುದಕ್ಕೂ ನೆರಳಿಲ್ಲದಂತೆ ಮಾಡುತ್ತದೆ. ಅದರಡಿಯಲ್ಲಿ ಎಷ್ಟು ಬೆಲೆಯ ಸೋಫಾ ಇಟ್ಟರೂ ಕೋಣೆ ಬ್ಯಾಂಕಿನ ಶಾಖೆಯಂತೆಯೇ ಕಾಣುತ್ತದೆ.

ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಎಂಬ ಸಂಖ್ಯೆ ಅಚ್ಚಾಗಿರುತ್ತದೆ, ಅದು ಕಡಿಮೆಯಾದಷ್ಟೂ ಬೆಳಕು ಹಳದಿ. ಅಂಗಡಿಯವನು ಕೇಳದೆ ಕೊಡುವುದು 6,500 ಕೆಲ್ವಿನ್ನಿನ ನೀಲಿ ಬಿಳುಪು. ನಡುಮನೆಗೂ ಮಲಗುವ ಕೋಣೆಗೂ 2,700ರಿಂದ 3,000 ಕೇಳಿ ಪಡೆಯಿರಿ, ಅಡುಗೆಮನೆಗೆ 4,000 ಇರಲಿ. ಒಂದೇ ಕೋಣೆಯಲ್ಲಿ ಎರಡು ಬಗೆಯ ಬಿಳುಪು ಬೆರೆಸಬೇಡಿ. ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕೂ ಹೆಚ್ಚೆಂದು ಇದ್ದರೆ ಸ್ವಲ್ಪ ದುಬಾರಿಯಾದರೂ ಕೊಳ್ಳಿ. ಬಟ್ಟೆಯ ಕೆಂಪು ಕೆಂಪಾಗಿ, ಚರ್ಮದ ಬಣ್ಣ ಚರ್ಮದ ಬಣ್ಣವಾಗಿ ಕಾಣುವುದು ಅದರಿಂದಲೇ. ನಡುಮನೆಗೆ ಒಂದು ನಿಲ್ಲುವ ದೀಪ, ಒಂದು ಮೇಜಿನ ದೀಪ, ಪುಸ್ತಕದ ಕಪಾಟಿನ ಒಳಗೆ ಒಂದು ಸಣ್ಣದು ಸಾಕು. ಟ್ಯೂಬ್‌ಲೈಟನ್ನು ಕೀಳುವ ಅಗತ್ಯವಿಲ್ಲ. ಅಕ್ಕಿ ಆರಿಸುವಾಗ, ಬಿದ್ದ ಸೂಜಿ ಹುಡುಕುವಾಗ ಅದು ಬೇಕು. ದೀಪಗಳಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ, ಕಣ್ಣು ಕುಕ್ಕುವ ಷೋರೂಮುಗಳಿಗೆ ಬೇಡ. ಈ ದೀಪಗಳಿಗೆ ಪ್ಲಗ್ ಬಿಂದುಗಳು ಸಾಲದಿದ್ದರೆ, ಬಣ್ಣ ಬಳಿಯುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಹೆಚ್ಚಿಸಿಕೊಳ್ಳಿ. ಗೋಡೆ ಕೊರೆಯಲು ಅದೊಂದೇ ಸಕಾಲ.

ಹಗಲಿನ ಬೆಳಕಿಗೆ ಪರದೆಯೇ ಹಿಡಿಕೆ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿನ ತಲೆಗೆ ಅಂಟಿಸಿದಂತೆ ಹೊಡೆಯುವುದು ನಮ್ಮಲ್ಲಿ ರೂಢಿ. ಅದನ್ನು ಚಾವಣಿಗೆ ನಾಲ್ಕೈದು ಅಂಗುಲ ಕೆಳಗೆ ಹೊಡೆಸಿ, ಎರಡೂ ಕಡೆ ಕಿಟಕಿಗಿಂತ ಎಂಟು ಅಂಗುಲ ಆಚೆಗೆ ಚಾಚಿಸಿ, ಬಟ್ಟೆ ನೆಲ ಮುಟ್ಟುವಷ್ಟು ಉದ್ದವಿರಲಿ. ಪರದೆ ಸರಿಸಿದಾಗ ಅದು ಗೋಡೆಯ ಮೇಲೆ ಕೂರುತ್ತದೆ, ಗಾಜು ಪೂರ್ತಿ ತೆರೆಯುತ್ತದೆ, ಕಿಟಕಿ ದೊಡ್ಡದಾಯಿತೇನೋ ಎನ್ನಿಸುತ್ತದೆ. ಬಟ್ಟೆಯ ಅಗಲ ಸರಳಿನ ಉದ್ದದ ಎರಡರಷ್ಟು ಇರಬೇಕು. ಇಲ್ಲಿ ಜಿಪುಣತನ ಮಾಡಿದರೆ ನೆರಿಗೆ ಬೀಳದೆ ಹಾಸಿಗೆಯ ಹೊದಿಕೆ ನೇತುಹಾಕಿದಂತಾಗುತ್ತದೆ. ಹೊಳೆಯುವ ಪಾಲಿಯೆಸ್ಟರ್ ಬಿಟ್ಟು ಚಿಕ್ಕಪೇಟೆಯಲ್ಲಿ ದಪ್ಪ ಹತ್ತಿಯ ಬಟ್ಟೆ ಮೀಟರ್ ಲೆಕ್ಕದಲ್ಲಿ ತಂದು ಹೊಲಿಸಿ. ಒಮ್ಮೆ ನೀರಿನಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಹೊಲಿಗೆಗೆ ಕೊಡಿ, ಹತ್ತಿ ಕುಗ್ಗುತ್ತದೆ. ಪಶ್ಚಿಮದ ಕಿಟಕಿಯ ಪರದೆಗೆ ಮಾತ್ರ ಒಳಗೆ ಅಸ್ತರು ಬೇಕೇ ಬೇಕು. ಮಾರ್ಚ್, ಏಪ್ರಿಲ್ ತಿಂಗಳ ಸಂಜೆ ಬಿಸಿಲು ಓರೆಯಾಗಿ ಒಳಗೆ ಬಂದು ಸೋಫಾದ ಬಣ್ಣವನ್ನೂ ತಿನ್ನುತ್ತದೆ, ಮರದ ಮೇಲಿನ ಪಾಲಿಶನ್ನೂ ತಿನ್ನುತ್ತದೆ.

ನೆಲದ ವಿಷಯದಲ್ಲಿ ನಿಮ್ಮ ಕೈ ಕಟ್ಟಿದೆ. ಬಿಲ್ಡರ್ ಹಾಕಿಕೊಟ್ಟ ಬಿಳಿ ವಿಟ್ರಿಫೈಡ್ ಟೈಲ್ಸ್ ಇರಲೇಬೇಕು. ಅಜ್ಜಿಯ ಮನೆಯಲ್ಲಿದ್ದಂಥ ಕೆಂಪು ಗಾರೆಯ ನೆಲ ಮಾಡಿಸಬಹುದೇ ಎಂದು ಈಚೆಗೆ ಎಲ್ಲರೂ ಕೇಳುತ್ತಾರೆ. ಸ್ವಂತ ನಿವೇಶನದಲ್ಲಿ ಕಟ್ಟಿಸುವವರು ಖಂಡಿತ ಮಾಡಿಸಲಿ. ಮುಗಿದ ಫ್ಲಾಟಿನಲ್ಲಿ ಟೈಲ್ಸ್ ಒಡೆದು ಅದನ್ನು ಮಾಡಿಸುವುದು ಹುಚ್ಚು ಸಾಹಸ. ತಿಕ್ಕಿ ನುಣುಪು ಮಾಡಬಲ್ಲ ಗಾರೆ ಕೆಲಸದವರೂ ಕಡಿಮೆಯಾಗಿದ್ದಾರೆ, ಒಮ್ಮೆ ಬಿರುಕು ಬಿಟ್ಟರೆ ಬಣ್ಣ ಹೊಂದುವಂತೆ ತೇಪೆ ಹಾಕುವುದೂ ಕಷ್ಟ. ಬಾಲ್ಕನಿಯಷ್ಟು ಸಣ್ಣ ಜಾಗಕ್ಕೆ ಬಣ್ಣ ಬೇಕಿದ್ದರೆ ತಮಿಳುನಾಡಿನ ಚೆಟ್ಟಿನಾಡಿನ ಆತಂಗುಡಿ ಹಾಸುಗಳು ಒಪ್ಪುತ್ತವೆ. ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟು ಹೊಯ್ದು ಮಾಡುವ ಅವಕ್ಕೆ ಸುಡುವ ಕೆಲಸವೇ ಇಲ್ಲ. ಗಾಜಿನ ನುಣುಪೇ ಅವುಗಳ ಹೊಳಪು.

ಒಳಗಿನ ಬಿಳಿ ನೆಲಕ್ಕೆ ನನ್ನ ಉತ್ತರ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪಗಡೆಯ ಹಾಸು, ನವಿಲು, ಗಾಢ ಕೆಂಪು, ಹಳದಿ, ಹಸಿರು, ಕಪ್ಪು. ಬಿಳಿ ಟೈಲ್ಸಿನ ಮೇಲೆ ಒಂದನ್ನು ಹಾಸಿ ನೋಡಿ, ಕೋಣೆಗೆ ಬೇರೆ ಬಣ್ಣವೇ ಬೇಕಾಗುವುದಿಲ್ಲ. ಕೊಳ್ಳುವಾಗ ಎಲ್ಲರೂ ಎಡವುವುದು ಅಳತೆಯಲ್ಲಿ. ಸೋಫಾದ ಮುಂದೆ ಟೀಪಾಯಿಯಡಿ ಮಾತ್ರ ಕೂರುವಷ್ಟು ಚಿಕ್ಕದನ್ನು ತಂದರೆ ಅದು ಕಾಲೊರಸಿನಂತೆ ಕಾಣುತ್ತದೆ. ಸೋಫಾದ ಮುಂಗಾಲುಗಳು ಅದರ ಮೇಲೆ ಬರುವಷ್ಟಾದರೂ ಇರಲಿ. ನಿಮ್ಮ ನಡುಮನೆಗೆ 5 ಅಡಿಗೆ 8 ಅಡಿ ಎಂದಿಟ್ಟುಕೊಳ್ಳಿ. ಉಣ್ಣೆಯ ಕಾರ್ಪೆಟ್ಟಿನ ಹಾಗೆ ಧೂಳು ಹಿಡಿದಿಟ್ಟುಕೊಳ್ಳುವುದಿಲ್ಲ, ಕೊಡವಿ ಬಿಸಿಲಿಗೆ ಹಾಕಿದರಾಯಿತು.

ಗೋಡೆಗೆ ಬೆಚ್ಚನೆಯ ಬಿಳುಪು ಸಾಕು. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಬೇಕೆನಿಸಿದರೆ, ಬಣ್ಣದ ಕಾರ್ಡು ನೋಡಿ ನಿರ್ಧರಿಸಬೇಡಿ. ಎರಡಡಿ ಚೌಕದಷ್ಟು ಗೋಡೆಗೆ ಬಳಿಸಿ, ಬೆಳಿಗ್ಗೆ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಿ. ಕೆಮ್ಮಣ್ಣಿನ ಬಣ್ಣ ನನಗೆ ಇಷ್ಟ. ಅದಕ್ಕೆ ಕಾರಣ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಎಳೆಯುವ ಆ ಗೆರೆಗಳ ಲೆಕ್ಕಾಚಾರ ನೋಡಿದರೆ ಯಾವ ವಾಲ್‌ಪೇಪರೂ ಬೇಡವಾಗುತ್ತದೆ. ಅದು ಮದುವೆಯ ಮನೆಯ ಗೋಡೆಗೆ ಬರೆಯುವ ಚಿತ್ತಾರ. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಸ್ಟಿಕ್ಕರ್ ಅಂಟಿಸುವ ಬದಲು ಬರೆಯುವ ಕೈಯಿಂದಲೇ ಒಂದು ಹಲಗೆಯ ಮೇಲೆ ಬರೆಸಿ ತನ್ನಿ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಬಣ್ಣ ಹಚ್ಚುವ ಭೂಮಣ್ಣಿ ಬುಟ್ಟಿಯಂಥದ್ದು ಸಿಕ್ಕರಂತೂ ಬಿಡಬೇಡಿ. ಚಿತ್ರ ಯಾವುದೇ ಇರಲಿ, ಅದರ ನಡುಮಧ್ಯ ನೆಲದಿಂದ 57 ಅಂಗುಲದ ಆಸುಪಾಸಿನಲ್ಲಿ ಬರಲಿ. ದೇವರ ಪಟಗಳನ್ನು ಬಾಗಿಲ ಮೇಲೆ ಹಾಕಿ ರೂಢಿಯಾದ ನಾವು ಉಳಿದ ಚಿತ್ರಗಳನ್ನೂ ಕತ್ತೆತ್ತಿ ನೋಡುವ ಎತ್ತರಕ್ಕೇ ಏರಿಸಿಬಿಡುತ್ತೇವೆ.

ಅತ್ತೆಯವರ ಷೋಕೇಸಿಗೆ ನಾನು ಅತ್ತೆಯವರ ಪರ. ಬೇಡವೆಂದು ಜಗಳವಾಡಬೇಡಿ, ಆದರೆ ಗಾಜಿನ ಬಾಗಿಲಿನ ಎತ್ತರದ ಡಬ್ಬದ ಬದಲು ಕೆಳಗೆ ಮುಚ್ಚಿದ ಕಪಾಟು, ಮೇಲೆ ಒಂದೇ ಒಂದು ತೆರೆದ ಹಲಗೆ ಇರುವಂಥದ್ದು ಮಾಡಿಸಿ. ಇರುವ ನಲವತ್ತು ವಸ್ತುಗಳಲ್ಲಿ ಒಂದು ಹೊತ್ತಿಗೆ ಐದು ಮಾತ್ರ ಮೇಲೆ ಬರಲಿ, ಉಳಿದವು ಕಪಾಟಿನಲ್ಲಿರಲಿ. ದಸರಾ ಗೊಂಬೆಗಳು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಎದ್ದು ಬರುವುದರಿಂದಲೇ ಅಲ್ಲವೇ ಅವನ್ನು ನೋಡಲು ಅಷ್ಟು ಜನ ಬರುವುದು? ಕಿನ್ನಾಳದ ಒಂದು ಗೊಂಬೆಯನ್ನು ಖಾಲಿ ಹಲಗೆಯ ಮೇಲೆ ಒಂಟಿಯಾಗಿ ಇಟ್ಟರೆ ಅದರ ಮುಖ ಕಾಣುತ್ತದೆ. ಸ್ಟೀಲಿನ ಕಪ್ಪುಗಳ, ಪ್ರವಾಸದಿಂದ ತಂದ ತಾಜಮಹಲಿನ ನಡುವೆ ಕಾಣುವುದಿಲ್ಲ. ಬಿದ್ರಿಯ ಹೂಜಿ ಇದ್ದರೆ ಅದನ್ನು ಹಿತ್ತಾಳೆ ಉಜ್ಜುವ ಪುಡಿಯಿಂದ ದೂರವಿಡಿ. ಮೆತ್ತನೆಯ ಬಟ್ಟೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಕಪ್ಪು ಇನ್ನಷ್ಟು ಗಾಢವಾಗಿ ಬೆಳ್ಳಿಯ ಗೆರೆ ಎದ್ದು ತೋರುತ್ತದೆ. ಇಂಥ ಸಾಮಾನಿಗೆ ಮೊದಲು ಎಂ.ಜಿ. ರಸ್ತೆಯಲ್ಲಿರುವ ಸರ್ಕಾರಿ ಕರಕುಶಲ ಮಳಿಗೆ ಕಾವೇರಿಗೆ ಹೋಗಿ ಬೆಲೆ ತಿಳಿದುಕೊಂಡು ಆಮೇಲೆ ಬೇರೆ ಕಡೆ ನೋಡಿ.

ಕಪಾಟುಗಳ ವಿಷಯದಲ್ಲಿ ಎರಡೇ ಮಾತು. ಪ್ಲೈವುಡ್ಡಿನ ಮೇಲೆ ಸಾಮಾನ್ಯ ಬಳಕೆಯ ಗುಣಮಟ್ಟದ ಗುರುತಾದ ಐಎಸ್ 303 ಇದೆಯೋ ನೀರಿಗೆ ಹೆಚ್ಚು ತಾಳುವ ಮರೀನ್ ಪ್ಲೈವುಡ್ಡಿನ ಐಎಸ್ 710 ಇದೆಯೋ ಹಲಗೆಯನ್ನೇ ತಿರುವಿ ನೋಡಿ. ಸಿಂಕಿನ ಕೆಳಗೆ ಎರಡನೆಯದು, ಬಟ್ಟೆಯ ಕಪಾಟಿಗೆ ಮೊದಲನೆಯದರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆ ಸಾಕು. ಅಡುಗೆಮನೆಯಲ್ಲಿ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ನೀರು ತಾಗಿದರೆ ಉಬ್ಬಿಕೊಳ್ಳುತ್ತದೆ. ಹೊಳೆಯುವ ಲ್ಯಾಮಿನೇಟ್ ಬೆರಳಿನ ಗುರುತು ಹಿಡಿಯುತ್ತದೆ, ಮಂಕಾದದ್ದು ತೆಗೆದುಕೊಳ್ಳಿ. ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಹಿಡಿಗುಬ್ಬಿಗಳಿಗೆ ಹಾಕಿ. ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರು ಆಲೆ ಮರದಲ್ಲಿ, ಅರಗಿನ ಬಣ್ಣ ಹಚ್ಚಿ, ಡ್ರಾಯರಿನ ಗುಬ್ಬಿಗಳನ್ನೂ ಮಾಡಿಕೊಡುತ್ತಾರೆ. ಲೇತಿನ ಮೇಲೆ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಕುಂಚದಿಂದ ಬಳಿದ ಬಣ್ಣದ ಹಾಗೆ ಸುಲಭವಾಗಿ ಸುಲಿದು ಬರುವುದಿಲ್ಲ. ಬೂದು ಬಣ್ಣದ ಸಾದಾ ಕಪಾಟಿಗೆ ಅರಿಸಿನ ಹಳದಿಯ ಗುಬ್ಬಿಗಳನ್ನು ಹಾಕಿ ನೋಡಿ, ಯಾರೂ ಕಪಾಟಿನ ಬೆಲೆ ಕೇಳುವುದಿಲ್ಲ.

ದಿಂಬಿನ ಚೀಲಗಳಿಗೆ ಗುಳೇದಗುಡ್ಡದ ಖಣ. ಅಗಲ ಕಡಿಮೆ ಇರುವ ಬಟ್ಟೆಯಾದ್ದರಿಂದ ಪರದೆಗೆ ಹೊಂದುವುದಿಲ್ಲ, ದಿಂಬಿಗೆ ಮಾತ್ರ ಹೇಳಿ ಮಾಡಿಸಿದಂತಿರುತ್ತದೆ. ಗಿಡಗಳ ಬಗ್ಗೆ ಕೇಳಿದ್ದಿರಿ: ಲಾಲ್‌ಬಾಗಿನ ಒಳಗಿನ ನರ್ಸರಿಯಿಂದ ಒಂದು ದೊಡ್ಡ ಗಿಡ ತನ್ನಿ, ಹತ್ತು ಪುಟ್ಟ ಕುಂಡಗಳು ಬೇಡ. ಕಿಟಕಿಯಿಂದ ದೂರದ ಮೂಲೆಗೆ ಸ್ನೇಕ್ ಪ್ಲಾಂಟ್ ತಾಳುತ್ತದೆ, ಅದು ಸಾಯುವುದು ಹೆಚ್ಚಾಗಿ ಅತಿಯಾಗಿ ನೀರು ಹಾಕುವವರ ಕೈಯಲ್ಲಿ.

ಇವನ್ನೆಲ್ಲ ಒಮ್ಮೆಗೇ ಕೊಳ್ಳಬೇಡಿ. ಅಡುಗೆಮನೆ, ಕಪಾಟು, ಪ್ಲಗ್ ಬಿಂದುಗಳು, ಬಣ್ಣ ಇಷ್ಟು ಮುಗಿಸಿ ಒಳಗೆ ಹೋಗಿ. ಪರದೆ ಮತ್ತು ದೀಪ ಮೊದಲ ತಿಂಗಳಲ್ಲಿ ಬರಲಿ. ಸೋಫಾವನ್ನು ಕೊನೆಗೆ ಕೊಳ್ಳಿ. ಮನೆಯವರು ನಿಜವಾಗಿ ಎಲ್ಲಿ ಕೂರುತ್ತಾರೆ ಎಂಬುದು ಅಷ್ಟರಲ್ಲಿ ತಿಳಿದಿರುತ್ತದೆ. ನಡುಮನೆಯ ಉದ್ದಗಲವನ್ನೂ ಕಿಟಕಿ ಯಾವ ದಿಕ್ಕಿಗಿದೆ ಎಂಬುದನ್ನೂ ಕೆಳಗೆ ಬರೆದರೆ ಜಮಖಾನದ ಅಳತೆ, ದೀಪದ ಜಾಗ ಎರಡನ್ನೂ ಹೇಳುತ್ತೇನೆ.