ಕದ್ದಿದ್ದೋ, ಕಡ ತಂದಿದ್ದೋ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಜಾಝ್ ಲೇಖನ ಓದಿ ಹಳೆಯ ರೆಕಾರ್ಡ್‌ಗಳನ್ನು ಹುಡುಕಿ ಕೇಳಿದೆ. 'ಟೈಗರ್ ರ‍್ಯಾಗ್' ಕೊನೆಯ ಭಾಗದ ಮೇಲೆ 'ಬಿಲ್ ಬೇಯ್ಲಿ' ಹಾಡಿದರೆ ಸರಿಯಾಗಿ ಕೂರುತ್ತೆ! ಇವರೆಲ್ಲ ಒಬ್ಬರಿಂದೊಬ್ಬರು ಕದ್ದವರೇ ಅಲ್ವಾ? ಹಾಗಿದ್ದರೆ ಅದನ್ನು ರಚನೆ ಅಂತ ಯಾಕೆ ಕರೆಯುತ್ತೀರಿ?"

ಮೊದಲು ನಿಮ್ಮ ಕಿವಿಗೆ ಶಹಬ್ಬಾಸ್. ನಾನೂ ಕಚೇರಿಯಲ್ಲೇ ಹಾಡಿ ನೋಡಿದೆ. ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು. ಆದರೂ ಕೂರುವುದು ನಿಜ.

ಹ್ಯೂಯಿ ಕ್ಯಾನನ್ 'ಬಿಲ್ ಬೇಯ್ಲಿ' ಬರೆದದ್ದು 1902ರಲ್ಲಿ. 'ಟೈಗರ್ ರ‍್ಯಾಗ್' ರೆಕಾರ್ಡ್ ಆದದ್ದು 1917ರಲ್ಲಿ. ಎರಡರ ಕೆಳಗೂ ಇರುವುದು 32 ಅಳತೆಯ ಒಂದೇ ಕಾರ್ಡ್ ಸಾಲು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಳತೆ ಅಂದರೆ ಲಯದ ಒಂದು ಚಿಕ್ಕ ತುಂಡು, 'ಬಾರ್'. ಮೊದಲು ಮನೆಯ ಕಾರ್ಡ್, ಅಂದರೆ ಷಡ್ಜದ ಮೇಲೆ ಕಟ್ಟಿದ್ದು. ಆಮೇಲೆ ಐದನೆಯ ಸ್ವರದ ಕಾರ್ಡ್ ಮೇಲೆ ಸುಮಾರು ಎಂಟು ಅಳತೆ ಬಿಡಾರ. ಮತ್ತೆ ಮನೆ. ಕೊನೆಯ ಎಂಟರಲ್ಲಿ ನಾಲ್ಕನೆಯದಕ್ಕೆ ಹಾರಿ, ಬೇಗ ಬೇಗ ನಾಲ್ಕೈದು ತಿರುವು ತಿರುಗಿ ವಾಪಸ್. ಇದನ್ನು ರಾಗ ಅಂದುಕೊಳ್ಳಬೇಡಿ. ನಮ್ಮ ತಾಳದ ಆವರ್ತನಕ್ಕೆ ಹತ್ತಿರ ಅನ್ನಬಹುದು: ಸುತ್ತಿ ಸುತ್ತಿ ಅದೇ ಬರುತ್ತೆ, ಮೇಲೆ ಏನು ನುಡಿಸುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಜಾಝ್ ಹುಟ್ಟಿದ ಊರು ನ್ಯೂ ಆರ್ಲಿಯನ್ಸ್‌ನ ಬ್ಯಾಂಡಿನವರಿಗೆ ಈ ಸಾಲು ಬಾಯಿಪಾಠ. ಆದಿತಾಳವನ್ನು ಕದ್ದ ಅಂತ ಯಾರನ್ನಾದರೂ ಹಿಡಿಯುತ್ತೀರಾ?

ಜಗಳ ಶುರುವಾದದ್ದು ರೆಕಾರ್ಡ್ ಬಂದ ಮೇಲೆ. ಅಂಗಡಿಗೆ ಬಂದ ಮೊದಲ ಜಾಝ್ ರೆಕಾರ್ಡ್ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡಿನದ್ದು, 1917ರಲ್ಲಿ ವಿಕ್ಟರ್ ಕಂಪನಿ ತಂದದ್ದು. ಒಂದು ಮಗ್ಗುಲಲ್ಲಿ 'ಲಿವರಿ ಸ್ಟೇಬಲ್ ಬ್ಲೂಸ್': ಕ್ಲಾರಿನೆಟ್ ಕೋಳಿಯಂತೆ ಕೂಗುತ್ತೆ, ತುತ್ತೂರಿಯಂಥ ಕಾರ್ನೆಟ್ ಕುದುರೆಯಂತೆ ಕೆನೆಯುತ್ತೆ. ಈ ಹನ್ನೆರಡು ಅಳತೆಯ ಬ್ಲೂಸ್ (ಕಪ್ಪು ಅಮೆರಿಕನ್ನರ ಹಾಡಿನ ಬಗೆ) ನನ್ನದು ಅಂತ ಬ್ಯಾಂಡಿನ ನಿಕ್ ಲರೋಕಾ, ಅಲ್ಲ ನಮ್ಮದು ಅಂತ ಹಳೆಯ ಜೊತೆಗಾರ ನುನ್ಯೆಜ್ ಕಡೆಯವರು. ಕೇಸು ಶಿಕಾಗೋ ಕೋರ್ಟಿಗೆ ಹೋಯಿತು. ಲರೋಕಾಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ನ್ಯಾಯಾಧೀಶರು ಇಬ್ಬರಿಗೂ ಹಕ್ಕು ಕೊಡಲಿಲ್ಲ. ತಮಾಷೆ ಅಂದರೆ, ಅದೇ ರೆಕಾರ್ಡಿನ ಇನ್ನೊಂದು ಮಗ್ಗುಲಿನ 'ಒನ್ ಸ್ಟೆಪ್'ನಲ್ಲಿ ಜೋ ಜೋರ್ಡನ್‌ರ 1909ರ 'ದಟ್ ಟೀಸಿನ್ ರ‍್ಯಾಗ್' ಒಂದು ಭಾಗವಾಗಿ ಸೇರಿಕೊಂಡಿತ್ತು. ಆಮೇಲೆ ಲೇಬಲ್ ತಿದ್ದಿ ಆ ಹೆಸರನ್ನೂ ಅಚ್ಚು ಹಾಕಬೇಕಾಯಿತು.

ನನ್ನ ತಕರಾರು ಇರುವುದು ಇಲ್ಲಿ. ಕಾರ್ಡ್ ಸಾಲು ಊರ ಬಾವಿ, ಯಾರು ಬೇಕಾದರೂ ಸೇದಬಹುದು. ಮೇಲಿನ ಮಟ್ಟು ಹಾಗಲ್ಲ. ಕಾರ್ನೆಟ್ ವಾದಕ ಕಿಂಗ್ ಆಲಿವರ್ 1923ರಲ್ಲಿ 'ಕ್ಯಾಂಪ್ ಮೀಟಿಂಗ್ ಬ್ಲೂಸ್' ನುಡಿಸಿದರು. 1927ರ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್‌ರ 'ಕ್ರಿಯೋಲ್ ಲವ್ ಕಾಲ್' ಕೇಳಿ, ಅದೇ ಮಟ್ಟು. ಎಲಿಂಗ್ಟನ್ ಅದನ್ನು ಚಂದ ಮಾಡಿದರು ನಿಜ. ಅದರಲ್ಲಿ ಗಾಯಕಿ ಅಡೆಲೇಡ್ ಹಾಲ್ ಪದವಿಲ್ಲದೆ ಹಾಡುವುದನ್ನು ನಾನೂ ಎಷ್ಟು ಸಲ ಕೇಳಿದ್ದೇನೋ. ಆದರೆ ಲೇಬಲ್ಲಿನಲ್ಲಿ ಆಲಿವರ್ ಹೆಸರಿಲ್ಲ. ಅವರು 1938ರಲ್ಲಿ ಸವಾನಾದಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಇದನ್ನು ಸುಮ್ನೆ 'ಸಂಪ್ರದಾಯ' ಅಂತ ತೇಲಿಸಿಬಿಡಲು ನನಗೆ ಮನಸ್ಸಾಗುವುದಿಲ್ಲ.

ಹಾಗಂತ ಮಟ್ಟು ತಂದವರೆಲ್ಲ ಕಳ್ಳರೂ ಅಲ್ಲ. 'ಹೈ ಸೊಸೈಟಿ' ಪೋರ್ಟರ್ ಸ್ಟೀಲ್ 1901ರಲ್ಲಿ ಬರೆದ ಮಾರ್ಚ್. ಅದರಲ್ಲಿ ಪುಟ್ಟ ಕೊಳಲು ಪಿಕೊಲೊಗೆ ಇದ್ದ ಸಾಲನ್ನು ಅಲ್ಫಾನ್ಸ್ ಪಿಕೂ ಕ್ಲಾರಿನೆಟ್‌ನಲ್ಲಿ ನುಡಿಸಿದರು. ಆಮೇಲೆ ನ್ಯೂ ಆರ್ಲಿಯನ್ಸ್‌ನ ಪ್ರತಿ ಕ್ಲಾರಿನೆಟ್‌ನವನೂ ಅದನ್ನು ಕಲಿತ. ಅದು ಬರದಿದ್ದರೆ ಮರ್ಯಾದೆ ಇಲ್ಲ. ಯಾರೂ ಮುಚ್ಚಿಡಲಿಲ್ಲ, ಎಲ್ಲರಿಗೂ ಮೂಲ ಗೊತ್ತು.

ಇನ್ನೊಂದು ಕೆಲಸ ಕೊಡುತ್ತೇನೆ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ 1945ರ ನವೆಂಬರ್ 26ರಂದು ನುಡಿಸಿದ 'ಕೋ ಕೋ' ಹುಡುಕಿ. ಕೆಳಗಿನ ಕಾರ್ಡ್‌ಗಳು ರೇ ನೋಬಲ್‌ರ 'ಚೆರೋಕಿ' ಹಾಡಿನವು. ಮೊದಲ ಸಲ ರೆಕಾರ್ಡ್ ಮಾಡಿದ ಟೇಕ್‌ನಲ್ಲಿ ಆ ಮೂಲ ಮಟ್ಟೇ ಶುರುವಾಗುತ್ತೆ, ಅಷ್ಟರಲ್ಲಿ ನಿಲ್ಲಿಸುತ್ತಾರೆ. ಮಟ್ಟು ನುಡಿಸಿದರೆ ನೋಬಲ್‌ಗೆ ದುಡ್ಡು ಹೋಗಬೇಕು, ಕಾರ್ಡ್‌ಗಳಿಗೆ ಬೇಡ! ಪೂರ್ತಿಯಾದ ಟೇಕ್‌ನಲ್ಲಿ ಪಾರ್ಕರ್ ಎರಡನೇ ಸುತ್ತಿಗೆ ಬರುವಾಗ ಕಿವಿ ಕೊಡಿ. ಅಷ್ಟು ವೇಗದಲ್ಲೂ ಸ್ಯಾಕ್ಸೊಫೋನ್‌ನಲ್ಲಿ ಆ ಪಿಕೊಲೊ ಸಾಲು ಸಿಗುತ್ತೆ. ಸಿಕ್ಕಿತೋ ಇಲ್ಲವೋ, ಬರೆಯಿರಿ.

— ಸಂ.