ಓದುಗರ ಪ್ರಶ್ನೆ: ಸರ್ಕಾರ ವಶಪಡಿಸಿಕೊಂಡ ಪಿಯೋರಿಯಾ ರೈಲು

ಪ್ರಶ್ನೆ: ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ ಟೊಲೀಡೊ, ಪಿಯೋರಿಯಾ ಅಂಡ್ ವೆಸ್ಟರ್ನ್ ಎಂಬ ಸಣ್ಣ ರೈಲು ಕಂಪನಿಯನ್ನೇ ವಶಕ್ಕೆ ತೆಗೆದುಕೊಂಡಿತಂತೆ. ಕಂಪನಿಯ ಅಧ್ಯಕ್ಷ ಜಾರ್ಜ್ ಮೆಕ್‌ನಿಯರ್ ಅಂಥದ್ದೇನು ಮಾಡಿದ್ದರು?

ಉತ್ತರ: ನೌಕರರ ಸಂಘಗಳ ಜತೆಗಿನ ಜಗಳದಲ್ಲಿ ಮಧ್ಯಸ್ಥಗಾರರ ತೀರ್ಪಿಗೆ ಒಪ್ಪುವುದಿಲ್ಲ ಎಂದು ಹಟ ಹಿಡಿದರು. ವ್ಯವಹಾರದಲ್ಲಿ ಮಾತ್ರ ಅವರು ಚತುರರೇ. ದಿವಾಳಿಯಾಗಿದ್ದ ಈ ಮಾರ್ಗವನ್ನು 1926ರಲ್ಲಿ ಹರಾಜಿನಲ್ಲಿ 13 ಲಕ್ಷ ಡಾಲರಿಗೆ ಕೊಂಡರು. ಇಲಿನಾಯ್ ರಾಜ್ಯವನ್ನು ಅಡ್ಡಲಾಗಿ ದಾಟುವ ಸುಮಾರು 240 ಮೈಲಿ ಹಳಿ ಅದು. ಮರುವರ್ಷವೇ ಪಶ್ಚಿಮದ ಲೋಮ್ಯಾಕ್ಸ್‌ವರೆಗೆ ಹಳಿ ಹಾಕಿಸಿ ಸಾಂಟಾ ಫೆ ರೈಲು ಕಂಪನಿಯ ಮಾರ್ಗಕ್ಕೆ ಜೋಡಿಸಿದರು. ಪೂರ್ವದ ಎಫ್ನರ್‌ನಲ್ಲಿ ಪೆನ್ಸಿಲ್ವೇನಿಯಾ ರೈಲು ಕಂಪನಿಯ ಮಾರ್ಗದ ಸಂಪರ್ಕವಿತ್ತು. ಹೀಗಾಗಿ ದೂರದ ಸರಕು ಶಿಕಾಗೊ ಯಾರ್ಡುಗಳ ದಟ್ಟಣೆಗೆ ಸಿಕ್ಕದೆ ದಾಟಿಹೋಗುವಂತಾಯಿತು. 1937ರಲ್ಲಿ ಆಲ್ಕೊ ಕಂಪನಿಯಿಂದ ಆರು ಭಾರಿ ಉಗಿ ಎಂಜಿನ್‌ಗಳೂ ಬಂದವು.

ಪ್ರಶ್ನೆ: ಜಗಳ ಸಂಬಳದ್ದೇ?

ಉತ್ತರ: ಸಂಬಳಕ್ಕಿಂತ ಅದನ್ನು ಲೆಕ್ಕ ಹಾಕುವ ರೀತಿಯದು. ಅಲ್ಲಿ ಗೂಡ್ಸ್ ಸಿಬ್ಬಂದಿಗೆ 100 ಮೈಲಿ ಅಥವಾ 8 ಗಂಟೆ, ಯಾವುದು ಮೊದಲು ಮುಗಿದರೂ ಒಂದು ದಿನದ ಕೂಲಿ. ಗಾಡಿ ಗಂಟೆಗೆ ಸರಾಸರಿ 20 ಮೈಲಿ ಓಡಿದರೆ ಐದೇ ಗಂಟೆಗೆ ದಿನಗೂಲಿ ಪೂರ್ತಿ. ಆಮೇಲಿನ ಮೈಲಿಗಳಿಗೆ ಮತ್ತೆ ಲೆಕ್ಕ. ಅದೇ ಸಿಬ್ಬಂದಿಯಿಂದ ಯಾರ್ಡಿನಲ್ಲಿ ಷಂಟಿಂಗ್ (ಡಬ್ಬಿಗಳನ್ನು ಬಿಡಿಸಿ ಜೋಡಿಸುವ ಕೆಲಸ) ಮಾಡಿಸಿದರೆ ಅದಕ್ಕೆ ಬೇರೆ ಕೂಲಿ. ಎಂಜಿನ್ ವೇಗ ಹೆಚ್ಚಿದಷ್ಟೂ ಲಾಭ ಸಿಬ್ಬಂದಿಗೇ ಹೋಗುತ್ತದೆ, ದುಡಿದ ಗಂಟೆಗಷ್ಟೇ ಕೊಡುತ್ತೇನೆ ಎಂಬುದು ಮೆಕ್‌ನಿಯರ್ ವಾದ. ಲೆಕ್ಕ ತಪ್ಪಲ್ಲ. ಆದರೆ ದೇಶದ ರೈಲುಗಳಲ್ಲೆಲ್ಲ ದಶಕಗಳಿಂದ ನಡೆದುಬಂದ ನಿಯಮವನ್ನು ಒಂದು ಮಾರ್ಗದಲ್ಲಿ ಬಿಟ್ಟುಕೊಟ್ಟರೆ ಎಲ್ಲ ಕಡೆಯೂ ಕಳೆದುಕೊಂಡಂತೆ ಎಂದು ಸಂಘಗಳು ಹೆದರಿದ್ದೂ ಸಹಜವೇ.

ಪರ್ಲ್ ಹಾರ್ಬರ್ ದಾಳಿಯಾಗಿ ಮೂರು ವಾರಕ್ಕೆ, 1941ರ ಡಿಸೆಂಬರ್ 28ರಂದು ಮುಷ್ಕರ ಶುರುವಾಯಿತು. ಮಧ್ಯಸ್ಥಿಕೆ ಒಲ್ಲೆನೆಂದ ಕಂಪನಿಯನ್ನು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1942ರ ಮಾರ್ಚ್‌ನಲ್ಲಿ ವಶಪಡಿಸಿಕೊಂಡರು. ಮುಷ್ಕರನಿರತರ ವಿರುದ್ಧ ಕಂಪನಿಗೆ ಸಿಕ್ಕಿದ್ದ ತಡೆಯಾಜ್ಞೆಯೂ 1944ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಕಾರಣ ಅದೇ: ರಾಜಿಗೆ ಸಾಧ್ಯವಿದ್ದ ಪ್ರಯತ್ನವನ್ನೆಲ್ಲ ಮಾಡದವರಿಗೆ ಕಾರ್ಮಿಕ ವಿವಾದಗಳಲ್ಲಿ ಕೋರ್ಟಿನ ತಡೆಯಾಜ್ಞೆಗೆ ಮಿತಿ ಹಾಕುವ ನಾರಿಸ್-ಲಾಗಾರ್ಡಿಯಾ ಕಾಯ್ದೆಯಡಿ ಅದು ಸಿಗದು. ಒಂದೇ ಹಟಕ್ಕೆ ಎರಡು ಸಲ ಬೆಲೆ ತೆತ್ತರು.

1945ರ ಅಕ್ಟೋಬರ್ 1ರಂದು ರೈಲು ಕೈಗೆ ಮರಳಿದಾಗ ಮತ್ತೆ ತಮ್ಮದೇ ನಿಯಮ ಹೇರಿದರು, ಮತ್ತೆ ಮುಷ್ಕರ. 1946ರ ಫೆಬ್ರವರಿ 6ರಂದು ಇಲಿನಾಯ್‌ನ ಗ್ರಿಡ್ಲಿಯಲ್ಲಿ ಕಂಪನಿಯ ಕಾವಲುಗಾರರ ಗುಂಡಿಗೆ ಇಬ್ಬರು ಮುಷ್ಕರನಿರತರು ಬಲಿಯಾದರು. 1947ರ ಮಾರ್ಚ್ 10ರ ರಾತ್ರಿ ಪಿಯೋರಿಯಾದಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಮೆಕ್‌ನಿಯರ್ ಅವರನ್ನೇ ಯಾರೋ ಗುಂಡಿಕ್ಕಿ ಕೊಂದರು. ಕೊಂದವರು ಇಂದಿಗೂ ಪತ್ತೆಯಾಗಿಲ್ಲ. ಹೊಸ ಆಡಳಿತ ಬಂದು, ಅದೇ ವರ್ಷ ಮುಷ್ಕರ ಮುಗಿಯಿತು.

ಪ್ರಶ್ನೆ: ಆ ಮಾರ್ಗ ಈಗಲೂ ಇದೆಯೇ?

ಉತ್ತರ: ಇದೆ. 1960ರಲ್ಲಿ ಸಾಂಟಾ ಫೆ, ಪೆನ್ಸಿಲ್ವೇನಿಯಾ ಎರಡೂ ಅರ್ಧರ್ಧ ಪಾಲು ಹಿಡಿದವು. 1983ರ ಕೊನೆಗೆ ಸಾಂಟಾ ಫೆಯಲ್ಲಿ ವಿಲೀನವಾಗಿ, 1989ರಲ್ಲಿ ಮತ್ತೆ ಬೇರೆಯಾಯಿತು. ಈಗ ಜೆನೆಸೀ ಅಂಡ್ ವಯೋಮಿಂಗ್ ಸಮೂಹದ ಕೈಯಲ್ಲಿದೆ.