ಪರದೆ ಕಪ್ಪು ಮಾಡಿದರೆ ಸಾಕೆ?

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಆಡುವವರು ಅಂಧ ವ್ಯಕ್ತಿಯಾಗಿ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡು ಬಸ್ ಹತ್ತಬೇಕು. ಪರದೆ ಪೂರ್ತಿ ಕಪ್ಪು, ಶಬ್ದ ಮಾತ್ರ. ಆಡಿದ ಗೆಳೆಯರೆಲ್ಲ ‘ಪಾಪ, ಎಷ್ಟು ಕಷ್ಟ’ ಎಂದರು. ಗೇಮ್ ಸರಿಯಾಗಿದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮೈಸೂರು

ಉತ್ತರ: ಆ ‘ಪಾಪ’ವೇ ತೊಂದರೆ. ಕಣ್ಣಿಗೆ ಬಟ್ಟೆ ಕಟ್ಟಿಸಿ ನಡೆಸಿದ ಪ್ರಯೋಗಗಳ ಬಗ್ಗೆ 2015ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಅಧ್ಯಯನವೊಂದು ಪ್ರಕಟವಾಯಿತು. ಬಟ್ಟೆ ಕಟ್ಟಿಕೊಂಡವರು, ಅಂಧರಿಗೆ ದುಡಿದು ಸ್ವತಂತ್ರವಾಗಿ ಬದುಕುವ ಶಕ್ತಿ ಕಡಿಮೆ ಎಂದೇ ತೀರ್ಮಾನಿಸಿದ್ದರು. ಅವರಿಗೆ ಸಿಕ್ಕಿದ್ದು ದೃಷ್ಟಿ ಹೋದ ಮೊದಲ ದಿನದ ದಿಗಿಲು ಮಾತ್ರ. ವರ್ಷಗಟ್ಟಲೆ ಬಿಳಿಕೋಲು ಹಿಡಿದು ನಡೆದವರ ಜಾಣ್ಮೆ ಹತ್ತು ನಿಮಿಷದಲ್ಲಿ ಬರುವುದಿಲ್ಲ.

ಆದ್ದರಿಂದ ಮೊದಲ ಹಂತದಲ್ಲಿ ಆ ಜಾಣ್ಮೆಯನ್ನೇ ಕಲಿಸಿ. ಕಲ್ಲುಹಾಸು, ಮಣ್ಣು, ಮೋರಿಯ ಮುಚ್ಚಳ – ಕೋಲು ತಾಗಿದಾಗ ಒಂದೊಂದಕ್ಕೂ ಬೇರೆ ಸದ್ದು ಇರಲಿ. ಪ್ರತಿಯೊಂದಕ್ಕೂ ನಾಲ್ಕೈದು ರೆಕಾರ್ಡಿಂಗ್ ಬೇಕು. ಒಂದನ್ನೇ ಬಳಸಿದರೆ ಕಿವಿ ಅದನ್ನು ಬೇಗ ಅಲಕ್ಷಿಸುತ್ತದೆ. ಒಮ್ಮೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಶಬ್ದ ಕೇಳಿಸಿದರೆ ದಿಕ್ಕು ತಿಳಿಯುವುದಿಲ್ಲ. ಫೋನಿನ ಸ್ಪೀಕರ್‌ನಲ್ಲಿ ಎಡಬಲ ಸರಿಯಾಗಿ ಗೊತ್ತಾಗದು, ಹೆಡ್‌ಫೋನ್ ಹಾಕಲು ಶುರುವಿನಲ್ಲೇ ಹೇಳಿ. ಕಪ್ಪು ಪರದೆಯನ್ನೂ ಮರುಯೋಚಿಸಿ: ದೃಷ್ಟಿದೋಷವುಳ್ಳ ಬಹುಪಾಲು ಜನರಿಗೆ ಬೆಳಕು, ಆಕಾರ, ಒಂದಷ್ಟು ನೋಟ ಇದ್ದೇ ಇರುತ್ತದೆ.

ಕಷ್ಟವನ್ನು ಬೀದಿಯಲ್ಲಿಡಿ: ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕು, ಸ್ಟಾಪಿನ ಹೆಸರು ಕೂಗದ ಬಸ್ಸು, ಕೇಳದೇ ತೋಳು ಹಿಡಿದೆಳೆಯುವ ದಾರಿಹೋಕ. ಎರಡನೇ ಸುತ್ತಿನಲ್ಲಿ ಬೈಕು ತೆಗೆಯಿರಿ, ಬಸ್ಸಿನಲ್ಲಿ ಸ್ಟಾಪ್ ಕೂಗಿಸಿ, ಉಳಿದದ್ದೇನನ್ನೂ ಮುಟ್ಟಬೇಡಿ. ಅದೇ ಕೋಲು, ಅದೇ ವ್ಯಕ್ತಿ, ಆದರೆ ಈಗ ಸಲೀಸಾಗಿ ಮನೆ ಸೇರುತ್ತಾರೆ. ಇಡೀ ಗೇಮಿನಲ್ಲಿ ನಮಗೆ ಮುಖ್ಯವೆನಿಸುವ ಭಾಗ ಇದು.

ಮುಂದೆ ವೀಲ್‌ಚೇರ್ ಸೇರಿಸುವುದಾದರೆ ಅಳತೆ ತಪ್ಪಬೇಡಿ. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲಿಗೆ 1:12 ಇಳಿಜಾರಿನ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. ಎರಡು ಮೀಟರಿನದನ್ನು ಬರೆದರೆ ತಿಳಿದವರು ನೋಡಿದ ಕೂಡಲೇ ಹಿಡಿಯುತ್ತಾರೆ.

ಇನ್ನು, ಅಂಧರೇ ಇದನ್ನು ಆಡಬಲ್ಲರೇ? ಗೇಮ್ ಎಂಜಿನ್ (ಗೇಮ್ ತಯಾರಿಸುವ ತಂತ್ರಾಂಶ) ಪರದೆಯ ಮೇಲೆ ಚಿತ್ರವಾಗಿ ಬಿಡಿಸುವ ಮೆನುವನ್ನು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಅಂಧರಿಗೆ ಓದಿ ಹೇಳುವ ಸೌಲಭ್ಯ) ಸಾಮಾನ್ಯವಾಗಿ ಓದುವುದಿಲ್ಲ. ಗೋಡೋ 4 ಎಂಬ ಎಂಜಿನ್ನಿನಲ್ಲಿ ಪಠ್ಯವನ್ನು ಓದಿ ಹೇಳುವ ಸೌಲಭ್ಯವಿದೆ, ಆದರೆ ಫೋನಿನಲ್ಲಿ ಕನ್ನಡ ಧ್ವನಿ ಇರಬೇಕು. ನಿಮ್ಮ ಮೆನು ಚಿಕ್ಕದಾದರೆ ನೀವೇ ಓದಿ ರೆಕಾರ್ಡ್ ಮಾಡುವುದು ಸುಲಭ.

ಪರೀಕ್ಷೆಯನ್ನು ಕೊನೆಗೆ ಮುಂದೂಡಬೇಡಿ. ಕೋಡ್ ಬರೆಯುವ ಮೊದಲೇ ದೃಷ್ಟಿದೋಷವುಳ್ಳ ಮೂರು ನಾಲ್ಕು ಜನರಿಗೆ ಕತೆಯನ್ನು ಓದಿ ಹೇಳಿ. ನಿಮ್ಮೂರಿನಲ್ಲೇ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ ಇದೆ, ಅಲ್ಲಿ ವಿಚಾರಿಸಿ. ಬಂದವರ ಸಮಯಕ್ಕೆ ಸಂಭಾವನೆ ಕೊಡಿ, ಗೇಮಿನಲ್ಲಿ ಅವರ ಹೆಸರನ್ನು ವಿನ್ಯಾಸಕರ ಸಾಲಿನಲ್ಲಿ ಹಾಕಿ.